ಹಂಚಿನ ಮೇಲಿನ ಹೆಸರು

ಮಳೆಗಾಲ ಬಂತೆಂದರೆ ಮುಂಬಯಿಯ ಹಳೆಯ ಚಾಳುಗಳಲ್ಲಿರುವ ನಮ್ಮಂಥವರ ಕಣ್ಣು ಸದಾ ಮೇಲಕ್ಕೇ. ಎಲ್ಲಿ ಸೋರೀತು, ಯಾವ ಹಂಚು ಸರಿದೀತು ಎಂಬುದೇ ಚಿಂತೆ. ಹೀಗೆ ಜೋಗೇಶ್ವರಿಯ ನಮ್ಮ ಚಾಳಿನ ಮಾಡು ರಿಪೇರಿಯಾಗುವಾಗ, ಕೆಳಗಿಳಿಸಿದ ಹಂಚೊಂದನ್ನು ತಿರುಗಿಸಿ ನೋಡಿದೆವು. ಬಾಸೆಲ್ ಮಿಶನ್, ಮಂಗಳೂರು ಎಂದು ಒತ್ತಿದ ಇಂಗ್ಲಿಷ್ ಅಕ್ಷರಗಳು ಇನ್ನೂ ಮಾಸಿರಲಿಲ್ಲ. ನಮಗಿಂತ ಎಷ್ಟೋ ಮುಂಚೆ ನಮ್ಮೂರ ಮಣ್ಣು ಇಲ್ಲಿಗೆ ಬಂದು ಜನರ ತಲೆ ಕಾಯುತ್ತಿತ್ತು!

ಪಕ್ಕದ ಖೋಲಿಯ ಅಮ್ಮನಿಗೆ ತೋರಿಸಿದೆವು. ಎಪ್ಪತ್ತು ದಾಟಿದವರು, ಜೆಪ್ಪಿನ ಕಡೆಯ ಪ್ರೊಟೆಸ್ಟಂಟ್ ಕ್ರೈಸ್ತರು. “ಇದು ನನ್ನ ಅಜ್ಜನ ಕಾರ್ಖಾನೆ ಮಾರಾಯ” ಎಂದರು. ಮಾಲಕನ ಮೊಮ್ಮಗಳೆಂದು ತಿಳಿಯಬೇಡಿ. ಅಜ್ಜ ಅಲ್ಲಿ ಮಣ್ಣು ಹದಮಾಡುವ ಆಳು.

1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪಾದ್ರಿಗಳು ಮಂಗಳೂರಿಗೆ ಬಂದರು. ಅವರ ಮಾತು ಕೇಳಿ ಕ್ರೈಸ್ತರಾದವರಲ್ಲಿ ಅನೇಕರಿಗೆ ಮನೆ ತಪ್ಪಿತು, ಗೇಣಿಯ ಗದ್ದೆ ತಪ್ಪಿತು, ಕುಲಕಸುಬು ತಪ್ಪಿತು. ಹೊಟ್ಟೆಗೊಂದು ದಾರಿ ಬೇಕಲ್ಲ! ಅದಕ್ಕಾಗಿ ನೇಯ್ಗೆ, ಅಚ್ಚುಕೂಟ, 1865ರಲ್ಲಿ ಪ್ಲೆಬ್‌ಸ್ಟ್ ಎಂಬವರು ತೊಡಗಿಸಿದ ಹಂಚಿನ ಕೆಲಸ. ನಮ್ಮ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ, ಕಿಟೆಲ್ ಸಾಹೇಬರ ನಿಘಂಟು 1894ರಲ್ಲಿ ಹೊರಬಿದ್ದುದು ಇದೇ ಮಿಶನ್ನಿನ ಕೈಯಿಂದ ಎಂಬುದನ್ನು ಕನ್ನಡಿಗರು ಮರೆಯುವಂತಿಲ್ಲ.

1914ರಲ್ಲಿ ಮಹಾಯುದ್ಧ ಬಂತು. ಪಾದ್ರಿಗಳಲ್ಲಿ ಹೆಚ್ಚಿನವರು ಜರ್ಮನರು. ನಿನ್ನೆಯ ಗುರುಗಳು ಸರಕಾರಕ್ಕೆ ಇಂದು ವೈರಿಗಳಾದರು. ಹಲವರನ್ನು ನಮ್ಮ ಮುಂಬಯಿಗೆ ದೂರವಲ್ಲದ ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿ, ಆಮೇಲೆ ದೇಶ ಬಿಡಿಸಿದರು. ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ, ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾದವು. ಎಂಬತ್ತು ವರ್ಷ ತಾಯಿಯಂತಿದ್ದ ಸಂಸ್ಥೆ ಹೀಗೆ ಕಣ್ಮರೆಯಾದಾಗ ಸಭೆ ಚದರಿತೇ? ಇಲ್ಲ. ಊರ ಪಾದ್ರಿಗಳೂ ಉಪದೇಶಿಗಳೂ ಅದನ್ನು ನಡೆಸಿಕೊಂಡು ಹೋದರು. ಪರದೇಶಿಗಳ ಅನ್ನಕ್ಕಾಗಿ ಸೇರಿದವರೆಂದು ಇವರನ್ನು ಆಡಿಕೊಳ್ಳುತ್ತಿದ್ದವರು ಆಗ ಸುಮ್ಮನಾಗಿರಬೇಕೆಂದು ನಮ್ಮ ಎಣಿಕೆ.

“ನನ್ನ ಅಜ್ಜಿ ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿ ಬೇರೆ ತೆಗೆದಿಡುತ್ತಿದ್ದರಂತೆ, ಉಪದೇಶಿಯ ಮನೆಗೆ” ಎಂದರು ಅಮ್ಮ. “ನಮ್ಮಲ್ಲೇ ಅರೆಹೊಟ್ಟೆ. ಆದರೂ.”

ಈ ಮಾತು ನಮಗೆ ನಾಟಲು ಕಾರಣವಿದೆ. 2020ರ ಮಾರ್ಚ್ ಕೊನೆಗೆ ಊರೆಲ್ಲ ಬೀಗ ಬಿದ್ದಿತು. ಲೋಕಲ್ ಗಾಡಿಯೂ ನಿಂತಿತು. ಅಮ್ಮನ ಮಗನಿಗೆ ಹೋಟೆಲಿನ ಕೆಲಸ ಹೋಯಿತು. ನಮ್ಮದು ಸರಕಾರಿ ಗುಮಾಸ್ತಿಕೆ, ಸಂಬಳ ಎರಡು ಕಂತಿನಲ್ಲಾದರೂ ಬಂತು. ಆದರೆ ನಮ್ಮ ಜೊತೆಗಿದ್ದ ತಮ್ಮನ ದುಡಿಮೆ ನಿಂತು, ಅವನ ಸಾಲದ ಕಂತೂ ನಮ್ಮ ತಲೆಗೇ ಬಂದಿತ್ತು. ಇಗರ್ಜಿಗಳೂ ನವೆಂಬರದವರೆಗೆ ತೆರೆಯಲಿಲ್ಲ. ಭಾನುವಾರ ಬೆಳಿಗ್ಗೆ ಅಮ್ಮ ಬಿಳಿ ಸೀರೆ ಉಟ್ಟು, ಮೊಮ್ಮಕ್ಕಳಿಗೆ ಇಸ್ತ್ರಿಯ ಅಂಗಿ ತೊಡಿಸಿ, ಮಂಚದ ಮೇಲೆ ಸಾಲಾಗಿ ಕೂರಿಸುತ್ತಿದ್ದರು. ಆರಾಧನೆ ಮೊಬೈಲಿನಲ್ಲಿ. ಗೀತೆಯ ನಡುವೆ ಅದು ನಿಂತುಹೋಗುವುದು. ಅಮ್ಮ ಮಾತ್ರ ಕೊನೆಯ ಚರಣದವರೆಗೂ ಒಬ್ಬರೇ ಹಾಡಿ ಮುಗಿಸುವರು. ನಡುವೆ ಬರಿಯ ಹಲಗೆಗೋಡೆ, ನಮಗೆಲ್ಲ ಕೇಳುತ್ತಿತ್ತು. ಸ್ವರ ಚೆನ್ನಾಗಿತ್ತೆಂದು ಹೇಳಲಾರೆವು.

ಅವರಿಗೆ ಅನುಮಾನವೇ ಬರಲಿಲ್ಲವೆಂದಲ್ಲ. ಒಂದು ರಾತ್ರಿ ಮಗ ರೇಗಿ, ದೇವರು ಎಲ್ಲಿದ್ದಾನೆಂದು ಕೇಳಿದ್ದೂ, ಅಮ್ಮ ಬಹಳ ಹೊತ್ತು ಸುಮ್ಮನಿದ್ದುದೂ ನಮಗೆ ಗೊತ್ತು. ಮರುದಿನ ನಾವೇ ಮೆಲ್ಲಗೆ ಕೇಳಿದೆವು: “ಏನು ಹೇಳಿದಿರಿ ಅಮ್ಮಾ?”

“ಎಂತ ಹೇಳುವುದು? ಯೋಬನೂ ದೇವರ ಹತ್ತಿರ ಜಗಳ ಮಾಡಿದವನೇ. ಜಗಳ ಮಾಡು, ಆದರೆ ಮನೆ ಬಿಟ್ಟು ಹೋಗಬೇಡ ಅಂದೆ.”

ಆ ವಾರವೇ ನಮ್ಮ ಮನೆಯಾಕೆಯ ಕೈಗೆ ಒಂದು ಬಿಸ್ಕತ್ತಿನ ಡಬ್ಬಿ ಬಂತು. ಒಳಗೆ ಕುಚ್ಚಲಕ್ಕಿ, ಎರಡು ಸೇರಿನಷ್ಟಿದ್ದೀತು. ಹಿಡಿ ಹಿಡಿಯಾಗಿ ಕೂಡಿಟ್ಟದ್ದು. ಅವರ ಮನೆಯಲ್ಲಿ ದುಡಿಯುವವರು ಯಾರೂ ಇರಲಿಲ್ಲ. ಬೇಡವೆನ್ನಲು ಬಾಯಿ ತೆರೆದೆವು, ಬಾಯಿ ಮುಚ್ಚಿಸಿದರು.

ಮಗನಿಗೆ ಕೆಲಸ ಸಿಕ್ಕಲು ವರ್ಷ ಮೀರಿತು, ಸಂಬಳವೂ ಮೊದಲಿಗಿಂತ ಕಡಮೆ. ಮಾಡಿಗೆ ಈಗ ತಗಡು ಬಂದಿದೆ. ಆ ಹಂಚನ್ನು ಅಮ್ಮ ತೊಳೆದು ಅಡಿಗೆಯ ಮೂಲೆಯಲ್ಲಿಟ್ಟುಕೊಂಡಿದ್ದಾರೆ. ಅನ್ನದ ಪಾತ್ರೆಯನ್ನು ಒಲೆಯಿಂದಿಳಿಸಿ ಅದರ ಮೇಲೆಯೇ ಇಡುತ್ತಾರೆ.