ನಾವು ಅವರಿಗೆ ಏನಾಗಬೇಕು?

ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮ ಸಂಘದ ಕಛೇರಿಗೆ ಒಂದು ಇಂಗ್ಲಿಷ್ ಪತ್ರ ಬಂದಿತು. ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಕಂಪನಿಯೊಂದರ ಪತ್ರ. ಅಲ್ಲಿಯ ಕಛೇರಿಗಳ ಕ್ಯಾಂಟೀನುಗಳಿಗೆ ಕಾಫಿಪುಡಿ ಒದಗಿಸುವವರು. ನಮ್ಮ ಸದಸ್ಯರ ಕಾಫಿಯನ್ನು ವರ್ಷವಿಡೀ ಕೊಳ್ಳುವ ಇಚ್ಛೆ ಅವರಿಗಿದೆ. ಮುಂದೆ ಕಾಳುಮೆಣಸನ್ನೂ ನೋಡಬಹುದೆಂದು ಬರೆದಿದ್ದಾರೆ. ಸಂತೋಷದ ವಿಷಯವೇ. ಆದರೆ ಆ ಒಂದೇ ಪತ್ರದಲ್ಲಿ ನಮ್ಮನ್ನು ನಾಲ್ಕು ಬಗೆಯಾಗಿ ಕರೆದಿದ್ದರು. ಮೊದಲ ಪುಟದಲ್ಲಿ ನಾವು ಅವರ ‘ಪಾರ್ಟ್‌ನರ್’. ಸ್ವಲ್ಪ ಕೆಳಗೆ, ಇದು ‘ಕೊಲಾಬರೇಷನ್’. ಎರಡನೆಯ ಪುಟದಲ್ಲಿ ನಮ್ಮ ಬೆಳೆಗಾರರು ಒಂದು ‘ಕನ್ಸಾರ್ಷಿಯಂ’. ಪೊಟ್ಟಣದ ಮೇಲೆ ಮಾತ್ರ ಅವರ ಹೆಸರು ದೊಡ್ಡದು, ನಮ್ಮದು ಕೆಳಗೆ ಸಣ್ಣಕ್ಷರದಲ್ಲಿ, ‘ಇನ್ ಅಸೋಸಿಯೇಷನ್ ವಿತ್’ ಎಂದು.

ಆಡಳಿತ ಮಂಡಳಿಯ ಸಭೆಯಲ್ಲಿ ಇದನ್ನು ಓದಿ ಹೇಳಿದಾಗ ಹಿರಿಯ ನಿರ್ದೇಶಕರೊಬ್ಬರು, ‘ಇಷ್ಟೆಲ್ಲ ಬರೆದಿದ್ದಾರಲ್ಲ ಮಾರಾಯರೆ, ಕೊನೆಗೆ ನಾವು ಅವರಿಗೆ ಏನಾಗಬೇಕು?’ ಎಂದು ಕೇಳಿದರು. ಎಲ್ಲರೂ ನಕ್ಕೆವು. ನಕ್ಕು ಮುಗಿದ ಮೇಲೆ ಯಾರಲ್ಲಿಯೂ ಉತ್ತರವಿರಲಿಲ್ಲ. ‘ಯಾವ ಶಬ್ದವಾದರೇನು, ದರ ಚೆನ್ನಾಗಿ ಸಿಕ್ಕರೆ ಸಾಕು’ ಎಂದವರೂ ಇದ್ದರು. ಈ ಮಾತನ್ನು ನಾವು ಒಪ್ಪುವುದಿಲ್ಲ. ಏಕೆಂಬುದನ್ನು ಸದಸ್ಯ ಬಾಂಧವರಲ್ಲಿ ಅರಿಕೆ ಮಾಡಲೆಂದೇ ಈ ಲೇಖನ.

ಪಲ್ಪರಿನ ಬಿಡಿಭಾಗ ಮಾಡಿಸಲು ಪೀಣ್ಯಕ್ಕೆ ಹೋಗುವುದು ಹೇಗೂ ಇತ್ತು. ಆ ನೆಪದಲ್ಲಿ ಎರಡು ದಿನ ಉಳಿದು ವೈಟ್‌ಫೀಲ್ಡನ್ನೂ ಎಲೆಕ್ಟ್ರಾನಿಕ್ ಸಿಟಿಯನ್ನೂ ನೋಡಿ ಬಂದೆವು. ಈ ಶಬ್ದಗಳು ಅಲ್ಲಿ ಬೋರ್ಡುಗಳ ಮೇಲೆ ಬರೆದಿರುವಂಥವು. ಅವುಗಳ ಹಿಂದೆ ಏನಿದೆ ಎಂದು ವಿಚಾರಿಸಿದರೆ ತಿಳಿಯುತ್ತದೆ.

ಪೀಣ್ಯದಲ್ಲಿ ಸಣ್ಣ ಕಾರ್ಖಾನೆಗಳವರ ಅಸೋಸಿಯೇಷನ್ ಇದೆ, 1978ರಿಂದಲೂ ಇದೆ. ವಿದ್ಯುತ್ತು, ರಸ್ತೆ, ತೆರಿಗೆಗಳ ವಿಷಯದಲ್ಲಿ ಅವರೆಲ್ಲರದೂ ಒಂದೇ ದನಿ. ಆದರೆ ಒಬ್ಬನ ಲೇತಿನಲ್ಲಿ ಹುಟ್ಟಿದ ಲಾಭ ಪಕ್ಕದವನಿಗೆ ಹೋಗುವುದಿಲ್ಲ, ಒಬ್ಬನ ಸಾಲ ಮತ್ತೊಬ್ಬನ ತಲೆಗೆ ಬರುವುದೂ ಇಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ 1992ರಲ್ಲಿ ಇಂಥದೇ ಒಂದು ಅಸೋಸಿಯೇಷನ್ ಹುಟ್ಟಿತು. 2013ರಲ್ಲಿ ಅಲ್ಲಿ ಟೌನ್‌ಶಿಪ್ ‘ಅಥಾರಿಟಿ’ ಬಂದಿತು. ರಸ್ತೆ, ದೀಪ, ಚರಂಡಿಗಳ ಕೆಲಸ ಹಿಂದಿನದೇ ಇರಬಹುದು. ಶಬ್ದ ಬದಲಾದೊಡನೆ ಅಧಿಕಾರ ಬದಲಾಯಿತು. ಅಸೋಸಿಯೇಷನ್ ಚಂದಾ ಕೇಳುತ್ತದೆ, ಅಥಾರಿಟಿ ತೆರಿಗೆ ವಸೂಲು ಮಾಡುತ್ತದೆ.

ವೈಟ್‌ಫೀಲ್ಡಿನ ಕಥೆ ಇನ್ನೂ ಹಳೆಯದು, ನಮ್ಮಂಥ ಕೃಷಿಕರಿಗೆ ಹತ್ತಿರದ್ದು. ಈಗ ಗಾಜಿನ ಕಟ್ಟಡಗಳಿರುವ ಆ ಊರು ಹುಟ್ಟಿದ್ದೇ ಒಂದು ಅಸೋಸಿಯೇಷನ್ನಿನಿಂದ. ಮೈಸೂರು ಮತ್ತು ಕೊಡಗಿನ ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಹತ್ತನೆಯ ಚಾಮರಾಜ ಒಡೆಯರು 1882ರಲ್ಲಿ ಸುಮಾರು 3,900 ಎಕರೆ ಭೂಮಿ ಕೊಟ್ಟರು. ಬೇಸಾಯದ ವಸಾಹತು ಮಾಡುವುದು ಉದ್ದೇಶ. ಸಂಘದ ಮುಂದಾಳು ವೈಟ್ ಎಂಬವರ ಹೆಸರೇ ಊರಿಗೆ ಬಂತು. ಅಲ್ಲಿ ಆ ಶಬ್ದಕ್ಕೆ ಎಕರೆಗಟ್ಟಲೆ ನೆಲದ ಬೆಲೆಯಿತ್ತು. ನಮ್ಮ ಪೊಟ್ಟಣದ ಮೇಲೆ ಬರಲಿರುವ ಅದೇ ಶಬ್ದಕ್ಕೆ ಸಣ್ಣಕ್ಷರದ ಶಾಯಿಯ ಬೆಲೆ ಮಾತ್ರ.

ಕೊಲಾಬರೇಷನ್ ಎಂಬುದು ಬೆಂಗಳೂರಿನ ಹಳಬರಿಗೆ ಚೆನ್ನಾಗಿ ಗೊತ್ತಿರುವ ಮಾತು. ಪೀಣ್ಯದ ಪಕ್ಕದ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ.ಯವರು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಕೊಲಾಬರೇಷನ್‌ನಲ್ಲಿ ಕೈಗಡಿಯಾರದ ಕಾರ್ಖಾನೆ ತೆರೆದರು. ಜಪಾನಿನವರು ವಿದ್ಯೆ ಕೊಟ್ಟರು, ಇಲ್ಲಿಯವರು ಕಲಿತರು, ಗಡಿಯಾರದ ಮುಖದ ಮೇಲೆ ಎಚ್.ಎಂ.ಟಿ. ಎಂದೇ ಬರೆದರು. (ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮದುವೆಯಲ್ಲಿ ಕಟ್ಟಿದ ಆ ಗಡಿಯಾರ ಈಗಲೂ ನಡೆಯುತ್ತಿದೆ, ಕಾರ್ಖಾನೆ ಮಾತ್ರ ನಿಂತುಹೋಯಿತು.) ಹಾಗಾದರೆ ನಮ್ಮ ಪತ್ರದವರು ನಮಗೆ ಕಲಿಸುವುದೇನು? ಹುರಿಯುವುದನ್ನೇ, ಹದ ನೋಡುವುದನ್ನೇ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

ಕನ್ಸಾರ್ಷಿಯಂ ಎಂಬುದಕ್ಕೆ ಹೆದರಬೇಕು. ಒಬ್ಬೊಬ್ಬರಿಂದ ಆಗದ ದೊಡ್ಡ ಆರ್ಡರನ್ನು ನಾಲ್ಕು ಜನ ಸೇರಿ ಹಿಡಿಯುವ ಏರ್ಪಾಡು ಅದು. ಅದರ ಕರಾರುಗಳಲ್ಲಿ ‘ಒಟ್ಟಾಗಿಯೂ ಬಿಡಿಯಾಗಿಯೂ ಹೊಣೆ’ ಎಂಬ ಮಾತು ಸಾಮಾನ್ಯವಾಗಿ ಇರುತ್ತದೆ. ಅಂದರೆ ಮಳೆ ಹೊಡೆದು ಒಬ್ಬ ಸದಸ್ಯನ ಫಸಲು ಉದುರಿದರೆ ಆ ಕೊರತೆಯನ್ನು ಉಳಿದವರು ತುಂಬಿಕೊಡಬೇಕಾದೀತು.

ಇನ್ನು ಪಾರ್ಟ್‌ನರ್. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿರುವ ನಮ್ಮ ಸದಸ್ಯರೊಬ್ಬರ ಮಗ ಪತ್ರದ ಜೊತೆಗಿದ್ದ ಕರಡು ಕರಾರನ್ನು ಒಂದು ಸಂಜೆ ಕುಳಿತು ಕನ್ನಡದಲ್ಲಿ ಬಿಡಿಸಿ ಹೇಳಿದ. ಹದಿನಾಲ್ಕನೆಯ ಕಲಮಿಗೆ ಬಂದಾಗ ಅವನಿಗೇ ನಗು ಬಂತು. ಈ ಕರಾರಿನಿಂದ ಉಭಯತರ ನಡುವೆ ಪಾಲುದಾರಿಕೆ ಉಂಟಾಗತಕ್ಕದ್ದಲ್ಲ ಎಂದು ಅಲ್ಲಿ ಬರೆದಿದೆ! ‘ಅಂಕಲ್, ನಮ್ಮ ಕಡೆ ಎಲ್ಲ ಕರಾರಿನಲ್ಲೂ ಇದು ಇರುತ್ತದೆ’ ಎಂದ. ಇರಲಿ, ಅದು ಮೋಸವೆಂದು ನಾವು ಹೇಳುವುದಿಲ್ಲ. 1932ರ ಪಾಲುದಾರಿಕೆ ಕಾಯಿದೆಯಂತೆ ಪಾಲುದಾರನಾದವನು ಸಂಸ್ಥೆಯ ಸಾಲಕ್ಕೆ ತನ್ನ ಸ್ವಂತ ಆಸ್ತಿಯವರೆಗೂ ಹೊಣೆ; ಅದಕ್ಕೆ ಸಿಕ್ಕಿಬೀಳದಂತೆ ಅವರು ಎಚ್ಚರ ವಹಿಸಿದ್ದಾರೆ. ಅವರ ಎಚ್ಚರ ನಮಗೂ ಇರಬೇಕಲ್ಲವೆ? ಪತ್ರದಲ್ಲಿ ಪಾಲುದಾರರು, ಕರಾರಿನಲ್ಲಿ ಅಲ್ಲ. ಕರಾರಿನಂತೆ ನೋಡಿದರೆ ನಾವು ಮಾಲು ಮಾರುವವರು, ಅವರು ಕೊಳ್ಳುವವರು. ಹಾಗಿದ್ದರೆ ಹಾಗೆಂದೇ ಬರೆಯಲಿ. ಮಾರುವವನಿಗೆ ತೂಕ, ದರ, ಹಣ ಕೊಡುವ ದಿನ ಈ ಮೂರನ್ನು ಕೇಳುವ ಹಕ್ಕು ಇರುತ್ತದೆ. ‘ಪಾರ್ಟ್‌ನರ್’ ಎನಿಸಿಕೊಂಡವನಿಗೆ ಕೇಳಲು ಸಂಕೋಚವಾಗುತ್ತದೆ.

ಒಟ್ಟಿಗೆ ದುಡಿಯುವುದು ನಮಗೆ ಹೊಸದಲ್ಲ. ಮುಯ್ಯಾಳಿಗೆ ಯಾರೂ ಕರಾರು ಬರೆಯಲಿಲ್ಲ. ನೀವು ನಮ್ಮ ಅಂಗಳಕ್ಕೆ ಒಂದು ದಿನ ಬಂದರೆ ನಾವು ನಿಮ್ಮಲ್ಲಿಗೆ ಒಂದು ದಿನ, ಲೆಕ್ಕ ಚುಕ್ತಾ. ಕಾಫಿ ಬೋರ್ಡಿನ ಪೂಲನ್ನು ಹಿರಿಯರು ಮರೆತಿಲ್ಲ. 1942ರ ಕಾಯಿದೆಯಿಂದ ಬಂದದ್ದು, 1996ರ ಹೊತ್ತಿಗೆ ಮುಗಿಯಿತು. ಅಲ್ಲಿಯೂ ಎಲ್ಲರ ಕಾಫಿ ಒಂದಾಗುತ್ತಿತ್ತು, ಆದರೆ ಕೂಡಿಸಿದ್ದು ಕಾನೂನು, ನಮ್ಮ ಮನಸ್ಸಲ್ಲ. ಅಡಿಕೆ ದರ ಕುಸಿದಿದ್ದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ, ಕೇರಳದ ಬೆಳೆಗಾರರು ಕೂಡಿ ಕ್ಯಾಂಪ್ಕೋ ಕಟ್ಟಿದಾಗ ‘ಸಹಕಾರಿ’ ಎಂಬ ಶಬ್ದವನ್ನೇ ಆರಿಸಿಕೊಂಡರು. ಅದಕ್ಕೆ ಕಾಯಿದೆಯಲ್ಲಿ ಖಚಿತ ಅರ್ಥವಿದೆ: ನೂರು ಮೂಟೆಯವನಿಗೂ ಒಂದು ಮತ, ಎರಡು ಮೂಟೆಯವನಿಗೂ ಒಂದೇ ಮತ. 2002ರ ತಿದ್ದುಪಡಿಯಿಂದ ಬಂದ ಉತ್ಪಾದಕರ ಕಂಪನಿಯಲ್ಲಿಯೂ ಬೆಳೆಗಾರ ಸದಸ್ಯನಿಗೆ ಒಂದೇ ಮತ. ಆದುದರಿಂದ ಕಂಪನಿ ಎಂಬ ಹೆಸರು ಕೇಳಿದೊಡನೆ ಬೆಚ್ಚಬೇಕಾಗಿಲ್ಲ. ಮತ ಯಾರದು, ನಷ್ಟ ಯಾರದು, ಲೆಕ್ಕದ ಪುಸ್ತಕ ಯಾರ ಕೈಯಲ್ಲಿ ಎಂದು ಕೇಳಿದರೆ ಯಾವ ಇಂಗ್ಲಿಷ್ ಶಬ್ದವೂ ತನ್ನ ಜಾತಕ ಬಿಚ್ಚುತ್ತದೆ.

ವ್ಯವಹಾರವೇ ಬೇಡವೆಂದು ನಮ್ಮ ಅಭಿಪ್ರಾಯವಲ್ಲ. ದರ ಚೆನ್ನಾಗಿದೆ, ಹುಡುಗರು ಮರ್ಯಾದಸ್ಥರು. ಪಾರ್ಟ್‌ನರ್, ಕನ್ಸಾರ್ಷಿಯಂ ಎಂಬ ಎರಡು ಶಬ್ದಗಳನ್ನು ತೆಗೆದು ಮಾರಾಟದ ಕರಾರೆಂದು ಬರೆಯಬೇಕು, ಪೊಟ್ಟಣದ ಮೇಲೆ ಸಂಘದ ಹೆಸರು ಅವರ ಹೆಸರಿನಷ್ಟೇ ದಪ್ಪ ಇರಬೇಕು, ಕನ್ನಡ ಪ್ರತಿಗೂ ಉಭಯತರು ರುಜು ಹಾಕಬೇಕು ಎಂದು ಮರುಪತ್ರ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಕರಡಿನ ಕನ್ನಡ ಪ್ರತಿ ಕಛೇರಿಯಲ್ಲಿದೆ. ಮಹಾಸಭೆಗೆ ಬರುವ ಮೊದಲು ಸದಸ್ಯರು ಅದನ್ನು ಓದಿಕೊಂಡು ಬರಬೇಕಾಗಿ ವಿನಂತಿ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಹದಿನಾಲ್ಕನೆಯ ಕಲಮನ್ನಾದರೂ ಓದಿ.