ಮೆಸ್ ಹಿಂದಿನ ಗುಂಡಿಯಲ್ಲಿ ಒಂದು ಬಿಸಿನೆಸ್ ಇದೆ

ಹೋದ ಸೆಮಿಸ್ಟರ್ ಇಂಟರ್ನಲ್ಸ್ ಟೈಮಲ್ಲಿ ನಮ್ಮ ಹಾಸ್ಟೆಲ್ ಮೆಸ್ಸಿನ ಚರಂಡಿ ಕಟ್ಟಿಕೊಂಡಿದ್ದು ನೆನಪಿದೆ ಅಲ್ವಾ? ಅವತ್ತು ಪೂರಿ. ಪಾತ್ರೆ ತೊಳೆಯೋ ಜಾಗದಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು, ವಾಸನೆಗೆ ತಟ್ಟೆ ಹಿಡ್ಕೊಂಡೇ ಹೊರಗೆ ಓಡಿದ್ವಿ. ಮಧ್ಯಾಹ್ನ ಒಬ್ಬರು ಬಂದರು. ಒಂದು ಬಕೆಟ್ಟು, ಒಂದು ಬಿದಿರು ಗಳ, ಅಷ್ಟೆ. ಗ್ಲೌಸ್ ಕೂಡ ಇಲ್ಲ. ಗುಂಡಿಯ ಮುಚ್ಚಳ ಸರಿಸಿ ಬೂದು ಬಣ್ಣದ ಜಿಡ್ಡನ್ನು ಬರಿಗೈಯಲ್ಲೇ ಎತ್ತಿದರು. ಬಕೆಟ್ ಎಲ್ಲಿಗೆ ಹೋಗುತ್ತೆ ಅಂತ ನೋಡಿದ್ರೆ, ಕಾಂಪೌಂಡ್ ಆಚೆಗಿನ ಮಳೆನೀರಿನ ಮೋರಿಗೆ.

ಆ ಗುಂಡಿಯ ಹೆಸರು ಗ್ರೀಸ್ ಟ್ರ್ಯಾಪ್. ಸಿವಿಲ್‌ನವರು ಸ್ಕಿಮ್ಮಿಂಗ್ ಟ್ಯಾಂಕ್ ಅಂತ ಐದು ಮಾರ್ಕ್ಸಿಗೆ ಬರೆದು ಮರೆತಿರ್ತಾರಲ್ಲ, ಅದರ ತಮ್ಮ ಇದು. ಅಡುಗೆಮನೆಯ ನೀರು ಅದರೊಳಗೆ ಬಂದು ನಿಧಾನವಾಗುತ್ತೆ. ಎಣ್ಣೆ ಹಗುರ, ತೇಲುತ್ತೆ. ಅನ್ನದ ಅಗುಳು, ಕಾಳು ತಳ ಸೇರುತ್ತೆ. ನಡುವಿನ ನೀರು ಮಾತ್ರ ಅಡ್ಡಗೋಡೆಯ ಕೆಳಗಿಂದ ಹೊರಗೆ ಹೋಗುತ್ತೆ. ನೀರು ಅರ್ಧ ಗಂಟೆ ಒಳಗೆ ನಿಲ್ಲಬೇಕು, ನಿಮಿಷಕ್ಕೆ 30 ಲೀಟರ್ ಬರುತ್ತೆ ಅಂದುಕೊಂಡರೆ 900 ಲೀಟರ್ ಜಾಗ ಬೇಕು. ಆದರೆ ಜಿಡ್ಡು, ಕೆಸರು ತುಂಬ್ತಾ ಹೋದ ಹಾಗೆ ಆ 900 ಕಮ್ಮಿ ಆಗ್ತಾ ಬರುತ್ತೆ, ಎಣ್ಣೆಗೆ ಮೇಲೇಳೋಕೆ ಟೈಮೇ ಸಿಗಲ್ಲ. ಅದಕ್ಕೇ ಜಿಡ್ಡು ಮತ್ತು ಕೆಸರು ಸೇರಿ ಆಳದ ಶೇ 25 ಮುಟ್ಟಿದರೆ ಖಾಲಿ ಮಾಡಿಸಬೇಕು ಅನ್ನೋ ರೂಢಿ ಬಂದಿರೋದು. ಬಿಸಿನೀರು, ಸೋಪು ಸುರಿದ್ರೆ ಕರಗಿ ಹೋಗುತ್ತೆ ಅನ್ನೋದು ಭ್ರಮೆ. ಅದು ಮುಂದಿನ ಪೈಪಲ್ಲಿ ತಣ್ಣಗಾಗಿ ಮತ್ತೆ ಗಟ್ಟಿಯಾಗುತ್ತೆ. ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ 2017ರಲ್ಲಿ ಹೀಗೇ ಬೆಳೆದ 250 ಮೀಟರ್ ಉದ್ದದ, ಸುಮಾರು 130 ಟನ್ನಿನ ಗಡ್ಡೆ ಸಿಕ್ಕಿತ್ತು.

ಸ್ಟಾರ್ಟಪ್ ಅಂದ್ರೆ ಆ್ಯಪ್ಪೇ ಅನ್ನೋ ನಮ್ಮ ಕ್ಯಾಂಪಸ್ಸಿಗೆ ನಾವು ಹೇಳೋದಿಷ್ಟು: ಕಸದ ಗುತ್ತಿಗೆದಾರರಿಗೆ, ಅವರ ಜೊತೆ ಸೇರೋ ಎಂಜಿನಿಯರ್‌ಗಳಿಗೆ ಇಲ್ಲಿ ನಿಜವಾದ ದುಡಿಮೆ ಇದೆ. ಹೋಟೆಲಿನವರು ಈಗ ಕಟ್ಟಿಕೊಂಡಾಗ ಮಾತ್ರ ಕರೀತಾರೆ, ಆಗ ಕೇಳಿದಷ್ಟು ಕೊಡ್ತಾರೆ. ಅದು ವ್ಯಾಪಾರ ಅಲ್ಲ, ತುರ್ತು ಚಿಕಿತ್ಸೆ. ತಿಂಗಳಿಗೊಮ್ಮೆ ಬರ್ತೀವಿ, ಅಳೆದು ಬರ್ಕೋತೀವಿ, ಎಲ್ಲಿ ಹಾಕಿದ್ವಿ ಅನ್ನೋ ಚೀಟಿ ಕೊಡ್ತೀವಿ ಅನ್ನೋದು ವ್ಯಾಪಾರ. ಒಳಚರಂಡಿಗೆ ಬಿಡೋ ನೀರಲ್ಲಿ ಎಣ್ಣೆ-ಜಿಡ್ಡು ಲೀಟರಿಗೆ 20 ಮಿಲಿಗ್ರಾಂ ಮೀರಬಾರದು ಅಂತ ಕೇಂದ್ರದ ಮಾನದಂಡ ಇದೆ. ಯಾರಾದ್ರೂ ಬಂದು ಕೇಳಿದ ದಿನ ಆ ಚೀಟಿಗೇ ಬೆಲೆ.

ಲೆಕ್ಕ ನಿಂತಿರೋದು ರೂಟಿನ ಮೇಲೆ. ಒಂದೇ ಏರಿಯಾದಲ್ಲಿ ಹತ್ತು ಅಡುಗೆಮನೆ ಸಿಕ್ಕರೆ ಒಂದು ರಾತ್ರಿ, ಒಂದು ಸಕ್ಕಿಂಗ್ ಟ್ಯಾಂಕರ್ ಸಾಕು. ಜಯನಗರದಲ್ಲೊಂದು, ವೈಟ್‌ಫೀಲ್ಡಲ್ಲೊಂದು ಗಿರಾಕಿ ಹಿಡಿದ್ರೆ ಲಾಭವೆಲ್ಲ ಸಿಲ್ಕ್ ಬೋರ್ಡಲ್ಲೇ ಡೀಸೆಲ್ ಆಗಿ ಹೋಗುತ್ತೆ.

ಇನ್ನು ಬಯೋಡೀಸೆಲ್ ಕನಸು. ಕರಿದು ಉಳಿದ ಎಣ್ಣೆಯ ಕಥೆ ಬೇರೆ, ಅದನ್ನು ದುಡ್ಡು ಕೊಟ್ಟು ಒಯ್ಯೋರಿದ್ದಾರೆ; ಎಫ್‌ಎಸ್‌ಎಸ್‌ಎಐ 2018ರಲ್ಲೇ ಅದಕ್ಕೆ ರುಕೋ ಅನ್ನೋ ಯೋಜನೆ ಶುರು ಮಾಡಿದೆ. ಟ್ರ್ಯಾಪಿನ ಜಿಡ್ಡು ಹಾಗಲ್ಲ. ನೀರು, ಕೊಳೆತ ಅನ್ನ, ಫ್ರೀ ಫ್ಯಾಟಿ ಆ್ಯಸಿಡ್ ಎಲ್ಲ ತುಂಬಿರುತ್ತೆ. ನೇರವಾಗಿ ಕಾಸ್ಟಿಕ್ ಹಾಕಿದ್ರೆ ಡೀಸೆಲ್ ಬರಲ್ಲ, ಸೋಪು ಬರುತ್ತೆ (ಕೆಮಿಸ್ಟ್ರಿ ಲ್ಯಾಬಲ್ಲಿ ಕೆಲವರು ಸಾಧಿಸಿದ್ದೂ ಅದನ್ನೇ). ಸೆಗಣಿ, ಹಸಿಕಸದ ಜೊತೆ ಹದವಾಗಿ ಬೆರೆಸಿದರೆ ಗ್ಯಾಸ್ ಪ್ಲಾಂಟಿಗೆ ಒಳ್ಳೇ ಮೇವು, ಜಾಸ್ತಿಯಾದ್ರೆ ಪ್ಲಾಂಟೇ ಕೆಟ್ಟು ನಿಲ್ಲುತ್ತೆ. ಆದ್ದರಿಂದ ಟ್ಯಾಂಕರ್ ಕೊಳ್ಳೋ ಮೊದಲು ಜಿಡ್ಡು ತಗೊಳ್ಳೋ ಜಾಗದ ಜೊತೆ ಒಪ್ಪಂದ ಆಗಿರಬೇಕು. ಇಲ್ಲದಿದ್ರೆ ಅದೇ ಮೋರಿ, ಬಕೆಟ್ ಮಾತ್ರ ದೊಡ್ಡದು.

ದುಡ್ಡಿಗಿಂತ ನಮ್ಮನ್ನು ಕಾಡಿದ್ದು ಆ ಬರಿಗೈ. ನೆಲದಡಿಯ ದೊಡ್ಡ ಟ್ರ್ಯಾಪಲ್ಲಿ ಸೆಪ್ಟಿಕ್ ಟ್ಯಾಂಕಿನ ಹಾಗೇ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತೆ. ಪ್ರಮಾಣ ಹೆಚ್ಚಾದರೆ ಮೂಗಿಗೆ ವಾಸನೆಯೇ ಗೊತ್ತಾಗಲ್ಲ, ಅಪಾಯ ಅಲ್ಲೇ. ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ರಕ್ಷಣೆ ಇಲ್ಲದೆ ಮನುಷ್ಯರನ್ನು ಇಳಿಸೋದನ್ನು 2013ರ ಕಾಯ್ದೆ ನಿಷೇಧಿಸಿದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಪಂಪು, ಹೋಸು, ಗ್ಯಾಸ್ ಮೀಟರ್ ದುಬಾರಿ ಅನ್ನೋ ಗುತ್ತಿಗೆದಾರರು ಇದನ್ನೂ ಲೆಕ್ಕಕ್ಕೆ ಹಿಡೀಲಿ. ಇವತ್ತು ಗುಂಡಿ ತೆಗೀತಿರೋರನ್ನೇ ಸಂಬಳ ಕೊಟ್ಟು ಮೆಷಿನ್ ನಡೆಸೋಕೆ ತಗೊಳ್ಳಲಿ. ಯಾವ ಅಡುಗೆಮನೆಯ ಗುಂಡಿ ಎಲ್ಲಿದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಹೋದ ವಾರ ನಮ್ಮ ಮೆಸ್ಸಿನ ಟ್ರ್ಯಾಪಿಗೆ ಮೇಲಿಂದಲೇ ಕೋಲು ಇಳಿಸಿ ನೋಡಿದ್ವಿ. ಒಟ್ಟು ಆಳ 80 ಸೆಂಟಿಮೀಟರ್, ಜಿಡ್ಡು ಮತ್ತು ಕೆಸರು ಸೇರಿ 31. ಇಪ್ಪತ್ತಕ್ಕೇ ತೆಗೀಬೇಕಿತ್ತು. ಮೆಸ್ಸಿನವರಿಗೆ ಒಂದು ನೋಟ್‌ಬುಕ್ ಕೊಟ್ಟು ತಾರೀಕು ಬರೆಸಿ ಬಂದಿದ್ದೀವಿ. ಈ ಶನಿವಾರ ಮತ್ತೆ ಅಳೀತೀವಿ. ಫೈನಲ್ ಇಯರ್ ಪ್ರಾಜೆಕ್ಟಿಗೆ ಟಾಪಿಕ್ ಹುಡುಕ್ತಿರೋರು ಬನ್ನಿ, ಗ್ಲೌಸ್ ನಿಮ್ಮದೇ ತನ್ನಿ.