ಆಟದ ಕಷ್ಟ ಯಾರ ಕೈಲಿರಬೇಕು?

ಸಾಹಿತ್ಯ ಪತ್ರಿಕೆಗೆ ವಿಡಿಯೋ ಗೇಮಿನ ಉಸಾಬರಿ ಏಕೆ ಎಂದು ಕೆಲವು ಹಿರಿಯ ಓದುಗರು ಕೇಳಿದ್ದಾರೆ. ಉತ್ತರಕ್ಕೆ ಮೈಸೂರು ಬಿಟ್ಟು ಹೋಗಬೇಕಿಲ್ಲ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ವಶಕ್ಕೆ ತೆಗೆದುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿ ಸಾಹಿತ್ಯ, ಚಿತ್ರಕಲೆಗಳಿಗೆ ಆಶ್ರಯ ಕೊಟ್ಟರೆಂಬುದು ಎಲ್ಲರಿಗೂ ಗೊತ್ತು. ಅವರು ಆಟಗಳನ್ನೂ ಕಟ್ಟುತ್ತಿದ್ದರೆಂಬುದು ಅಷ್ಟಾಗಿ ಗೊತ್ತಿಲ್ಲ. ಚದುರಂಗದ ಕುದುರೆ ಒಂದು ಮನೆಯನ್ನೂ ಎರಡನೇ ಸಲ ಮೆಟ್ಟದೆ 64 ಮನೆಗಳನ್ನು ಸುತ್ತಿ ಬರುವ ಸಮಸ್ಯೆಯ ಬೆನ್ನು ಹತ್ತಿದವರು ಅವರು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತನೆಯ ಭಾಗವಾದ ‘ಕೌತುಕ ನಿಧಿ’ಯಲ್ಲಿ ಛದ ಗಂಜೀಫಾ ಎಂಬ ಎಲೆಯಾಟಗಳ ವಿವರ ಚಿತ್ರಸಮೇತ ಇದೆ.

ರೂಢಿಯ ದಶಾವತಾರ ಗಂಜೀಫಾಕ್ಕೆ 120 ಎಲೆ ಸಾಕು. ಒಡೆಯರ ಆಟಗಳಲ್ಲಿ 18 ಬಣ್ಣದವರೆಗೆ, 360 ಎಲೆಯವರೆಗೆ ಬೆಳೆದ ಕಟ್ಟುಗಳಿದ್ದವು. ಎಂದೂ ಬದಲಾಗದ ತುರುಪುಗಳು ಬೇರೆ, ಯಾವ ಎಲೆಯ ಜಾಗಕ್ಕಾದರೂ ಬಂದು ಕೂರುವ ಎಲೆಗಳು ಬೇರೆ. ಬುದ್ಧಿಗೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಆದರೆ ಆ ಆಟಗಳು ಅರಮನೆಯ ಹೊಸ್ತಿಲು ದಾಟಿ ಊರಿಗೆ ಬರಲಿಲ್ಲ. ಅಷ್ಟು ಕಷ್ಟವನ್ನು ಹೊತ್ತು ಕೂರುವ ಆಟಗಾರರು ಹೊರಗೆ ಸಿಗಲಿಲ್ಲ.

ಊರಿನ ಜಗಲಿಗಳಲ್ಲಿ ಉಳಿದದ್ದು ಚೌಕಾಬಾರ. ಐದು ಮನೆ ಉದ್ದ, ಐದು ಮನೆ ಅಗಲ, ಕವಡೆ, ನಾಲ್ಕು ಕಾಯಿ. ಅದು ಸುಲಭವೆಂದು ಉಳಿಯಿತು ಅನ್ನುವುದು ಅರ್ಧ ಸತ್ಯ. ಎದುರಾಳಿಯ ಒಂದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ನಿಯಮ ಒಂದು ಮನೆಯಲ್ಲಿ ಕಟ್ಟುನಿಟ್ಟು, ಪಕ್ಕದ ಮನೆಯಲ್ಲಿ ಸಡಿಲ. ಒಂದೇ ಮನೆಯಲ್ಲಿ ಜೋಡಿಯಾದ ಕಾಯಿಗಳ ‘ಗಟ್ಟಿ’ಯನ್ನು ಯಾವಾಗ ಒಡೆಯಬಹುದೆಂಬುದು ಕೂತವರ ಜಗಳದಲ್ಲೇ ತೀರ್ಮಾನವಾಗಬೇಕು. ಅತ್ತು ರಂಪ ಮಾಡುವ ಚಿಕ್ಕದೊಂದಿದ್ದರೆ ಅದನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಸೇರಿಸಿಕೊಳ್ಳುತ್ತಾರೆ. ಕೈ ನಡುಗುವ ಅಜ್ಜಿಯ ಪರವಾಗಿ ಮೊಮ್ಮಗಳು ಕವಡೆ ಹಾಕಿದರೂ ನಡೆ ಅಜ್ಜಿಯದೇ, ಗೆಲುವೂ ಅಜ್ಜಿಯದೇ. ಆಟ ಎಷ್ಟು ಕಷ್ಟವಿರಬೇಕೆಂದು ಹೇಳುವ ಹಕ್ಕು ಆಡುವವರ ನಡುವೆಯೇ ಇತ್ತು.

ವಿಡಿಯೋ ಗೇಮ್ ಆ ಹಕ್ಕನ್ನು ಜಗಲಿಯಿಂದ ಎತ್ತಿ ಸ್ಟುಡಿಯೋಗೆ ಒಯ್ದಿತು. ಪ್ರೋಗ್ರಾಮಿನಲ್ಲಿ ಬರೆದಿಟ್ಟ ನಿಯಮದೊಂದಿಗೆ ಜಗಳವಾಡಲು ಬರುವುದಿಲ್ಲ. ಹಾಗಾಗಿ ಅಭಿಮಾನಿಗಳು ಅದನ್ನು ಬರೆದವರೊಂದಿಗೆ ಜಗಳವಾಡುತ್ತಾರೆ. ಆಸ್ಟ್ರೇಲಿಯಾದ ಅಡಿಲೇಡಿನ ಟೀಮ್ ಚೆರ‍್ರಿ ಎಂಬ ಪುಟ್ಟ ತಂಡ 2019ರಲ್ಲಿ ಘೋಷಿಸಿದ್ದ ‘ಹಾಲೋ ನೈಟ್: ಸಿಲ್ಕ್‌ಸಾಂಗ್’ 2025ರ ಸೆಪ್ಟೆಂಬರ್ 4ರಂದು ಬಂದಾಗ, ಕೊಳ್ಳುವವರ ನೂಕುನುಗ್ಗಲಿಗೆ ಗೇಮ್ ಮಾರುವ ದೊಡ್ಡ ಜಾಲತಾಣಗಳೇ ಕುಸಿದವು. ಕೆಲವೇ ದಿನಗಳಲ್ಲಿ ‘ವಿಪರೀತ ಕಷ್ಟ’ ಎಂಬ ದೂರು ಎದ್ದಿತು. ತಂಡ ಆರಂಭದ ಕೆಲವು ಕಾದಾಟಗಳನ್ನು ತುಸು ಹಗುರ ಮಾಡಿತು. ಕೂಡಲೇ ಇನ್ನೊಂದು ಗುಂಪು, ನಾವು ಬೆವರು ಸುರಿಸಿ ಗೆದ್ದದ್ದನ್ನು ಅಗ್ಗ ಮಾಡಿದಿರಿ ಎಂದು ಮುನಿಸಿಕೊಂಡಿತು. ಹಿಂದಿನ ವರ್ಷ ಜಪಾನಿನ ಫ್ರಮ್‌ಸಾಫ್ಟ್‌ವೇರ್ ‘ಎಲ್ಡೆನ್ ರಿಂಗ್’ನ ಹೊಸ ಭಾಗದಲ್ಲಿ ಆಟಗಾರನ ಬಲವನ್ನು ಕೊಂಚ ಹೆಚ್ಚಿಸಿದಾಗಲೂ ಇದೇ ವಾದ ನಡೆದಿತ್ತು.

ಈ ಜಗಳದಲ್ಲಿ ಎರಡು ಬಗೆಯ ಕಷ್ಟಗಳು ಕಲಸಿಹೋಗಿವೆ. ಒಂದು, ಆಟ ಒಡ್ಡುವ ಸವಾಲು. ಶತ್ರುವಿನ ಚಲನೆ ನೋಡಿ, ತಾಳ ಹಿಡಿದು, ಸೋತು ಕಲಿತು ದಾಟಬೇಕಾದದ್ದು. ಇನ್ನೊಂದು, ಕೈಗೆ ಬಂದ ಅಡ್ಡಿ. ಎರಡು ಬೆರಳಿಗೆ ನಾಲ್ಕು ಕೆಲಸ, ಒಂದೇ ಗುಂಡಿಯನ್ನು ಪಟಪಟ ಒತ್ತಬೇಕಾದ ಹಿಂಸೆ, ಓದಲಾಗದ ಸಣ್ಣಕ್ಷರ. ಮೊದಲನೆಯದು ಆಟದ ಜೀವ. ಎರಡನೆಯದನ್ನು ತೆಗೆದರೆ ಯಾರ ಗೆಲುವೂ ಅಗ್ಗವಾಗುವುದಿಲ್ಲ. ಅಜ್ಜಿಯ ಕವಡೆಯನ್ನು ಮೊಮ್ಮಗಳು ಹಾಕಿದ ಮಾತ್ರಕ್ಕೆ ಯಾವ ಕಾಯಿಯೂ ಎರಡು ಮನೆ ಮುಂದೆ ಹೋಗಲಿಲ್ಲವಲ್ಲ.

ಒಳ್ಳೆಯ ಸ್ಟುಡಿಯೋಗಳಿಗೆ ಈ ಭೇದ ಗೊತ್ತು. ‘ಸೆಲೆಸ್ಟ್’ (2018) ಬೆಟ್ಟ ಹತ್ತುವ ಬಲು ಕಠಿಣ ಆಟ. ಆದರೆ ಆಟದ ವೇಗ ತಗ್ಗಿಸುವ, ಹೆಚ್ಚು ಬಲ ಪಡೆಯುವ ಅವಕಾಶವನ್ನು ಅದು ಆಡುವವರ ಕೈಗೇ ಬಿಟ್ಟಿತು. ‘ದ ಲಾಸ್ಟ್ ಆಫ್ ಅಸ್’ನ ಎರಡನೇ ಭಾಗ (2020) ದೃಷ್ಟಿ, ಶ್ರವಣ, ಕೈಚಲನೆಯ ತೊಂದರೆ ಇರುವವರಿಗಾಗಿ 60ಕ್ಕೂ ಹೆಚ್ಚು ಆಯ್ಕೆಗಳನ್ನು ಕೊಟ್ಟಿತು. ಎರಡೂ ಆಟಗಳನ್ನು ಮೆಚ್ಚಿದವರಲ್ಲಿ ಕಷ್ಟವನ್ನೇ ಬಯಸುವವರೂ ಇದ್ದರು. ನಮ್ಮಲ್ಲಿ ಬಹುತೇಕ ಹುಡುಗರ ಗೇಮ್ ಯಂತ್ರವೆಂದರೆ ಮೊಬೈಲ್. ಬಿಜಿಎಂಐ ಎಂಬ ಗುಂಡಿನ ಕಾಳಗದ ಆಟ ಆಡುವ ಬನ್ನಿಮಂಟಪದ ಹುಡುಗನನ್ನು ಕೇಳಿ: ಗುಂಡು ಹಾರಿಸುವ ಗುಂಡಿ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು, ಗುರಿಯನ್ನು ಬೆರಳಲ್ಲಿ ಹಿಡಿಯಬೇಕೋ ಫೋನನ್ನೇ ವಾಲಿಸಿ ಹಿಡಿಯಬೇಕೋ ಎಂಬುದನ್ನೆಲ್ಲ ತನ್ನ ಬೆರಳಿನ ಅಳತೆಗೆ ತಿದ್ದಿಕೊಂಡಿರುತ್ತಾನೆ. ಅವನು ಅದನ್ನು ರಿಯಾಯಿತಿ ಎಂದುಕೊಂಡಿಲ್ಲ. ಆಡುವ ಮುನ್ನ ಮಾಡಲೇಬೇಕಾದ ಸಿದ್ಧತೆ ಅಂದುಕೊಂಡಿದ್ದಾನೆ. ಅವನ ತಿಳಿವಳಿಕೆಯೇ ಸರಿ.

ಇನ್ನು ಅಭಿಮಾನಿಗಳ ನಿರೀಕ್ಷೆಯ ಮಾತು. ವಿಜಯದಶಮಿಯ ರಾತ್ರಿ ಇಲ್ಲಿನ ಪಂಜಿನ ಕವಾಯತಿಗೆ ಬರುವ ಜನಕ್ಕೆ ಪ್ರತಿ ವರ್ಷ ಹೊಸದೊಂದು ಬೇಕು. ಕುದುರೆ ಸವಾರರು, ಬೈಕ್ ಸಾಹಸ ಮಾತ್ರ ತಪ್ಪಬಾರದು. 2024ರಲ್ಲಿ ಡ್ರೋನ್‌ಗಳು ಬಂದದ್ದೂ ಹಳೆಯದರ ಜೊತೆಗೇ. ಗೇಮ್ ಅಭಿಮಾನಿಯ ಮನಸ್ಸೂ ಹೀಗೆಯೇ. ಇದರಲ್ಲಿ ತಪ್ಪಿಲ್ಲ. ತಪ್ಪಾಗುವುದು ಆಸೆ ಅಧಿಕಾರದ ದನಿ ಪಡೆದಾಗ. 2020ರಲ್ಲಿ ‘ಸೈಬರ್‌ಪಂಕ್ 2077’ ಆಟದ ಬಿಡುಗಡೆ ಮುಂದಕ್ಕೆ ಹೋದಾಗ ಅದನ್ನು ಕಟ್ಟಿದ ಪೋಲೆಂಡಿನ ಸ್ಟುಡಿಯೋದ ನೌಕರರಿಗೆ ಕೊಲೆ ಬೆದರಿಕೆಗಳು ಬಂದವು. ಡಿಸೆಂಬರಿನಲ್ಲಿ ಅವಸರವಾಗಿ ಹೊರಬಂದ ಆಟ ದೋಷಗಳಿಂದ ತುಂಬಿತ್ತು. ಸೋನಿ ಅದನ್ನು ತನ್ನ ಆನ್ಲೈನ್ ಮಳಿಗೆಯಿಂದ ತಿಂಗಳುಗಟ್ಟಲೆ ಹೊರಗಿಟ್ಟಿತು. ಬೈದವರಿಗೂ ಬೈಸಿಕೊಂಡವರಿಗೂ ಸಿಕ್ಕಿದ್ದು ಕೆಟ್ಟ ಆಟ.

ಇದು ದೂರದ ದೇಶದ ಕಥೆಯಲ್ಲ. 2025ಕ್ಕೆ ಬರಬೇಕಿದ್ದ ‘ಗ್ರ್ಯಾಂಡ್ ಥೆಫ್ಟ್ ಆಟೋ’ದ ಆರನೇ ಭಾಗವನ್ನು ರಾಕ್‌ಸ್ಟಾರ್ ಕಂಪನಿ ಮೊದಲು 2026ರ ಮೇ 26ಕ್ಕೆ, ಆಮೇಲೆ ನವೆಂಬರ್ 19ಕ್ಕೆ ಮುಂದೂಡಿದಾಗ ಜಗತ್ತೆಲ್ಲ ಗೊಣಗಿತು. ಆ ಕಂಪನಿಯ ಒಂದು ಸ್ಟುಡಿಯೋ ಬೆಂಗಳೂರಿನಲ್ಲಿದೆ. 1997ರಲ್ಲಿ ರಾಜೇಶ್ ರಾವ್ ಆರಂಭಿಸಿದ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ 2019ರಲ್ಲಿ ಸೇರಿದ್ದು ಆ ಸ್ಟುಡಿಯೋಗೇ. ಬೈಗುಳ ಹೋಗಿ ತಲುಪುವ ಮೇಜುಗಳಲ್ಲಿ ನಮ್ಮ ಕಾಲೇಜುಗಳಲ್ಲಿ ಓದಿದ ಮಕ್ಕಳೂ ಕೂತಿರುತ್ತಾರೆ.

ಹಾಗೆಂದು ಸ್ಟುಡಿಯೋ ಕೊಟ್ಟದ್ದನ್ನು ಕಣ್ಣಿಗೊತ್ತಿಕೊಳ್ಳಬೇಕೇ? ಬೇಡ. ಕಾಸು ಕೊಟ್ಟವನಿಗೆ ಕೇಳುವ ಹಕ್ಕಿದೆ. ಆದರೆ ಆರಾಧನೆ, ಬೈಗುಳ ಎರಡನ್ನೂ ಬಿಟ್ಟು ಕೇಳುವ ಮೂರನೆಯ ದಾರಿ ಸಾಹಿತ್ಯ ಬಲ್ಲವರಿಗೆ ಹೊಸದಲ್ಲ. ಅದಕ್ಕೆ ವಿಮರ್ಶೆ ಎನ್ನುತ್ತೇವೆ. ಕರ್ನಾಟಕ 2012ರಲ್ಲೇ ಆ್ಯನಿಮೇಷನ್, ಗೇಮಿಂಗ್ ಉದ್ಯಮಕ್ಕೆ ಪ್ರತ್ಯೇಕ ನೀತಿ ತಂದ ರಾಜ್ಯ. 2024ರಲ್ಲಿ ಅದನ್ನು ಹೊಸದಾಗಿಯೂ ಬರೆಯಿತು. ಆದರೂ ಪ್ರತಿ ವಾರ ಸಿನಿಮಾವನ್ನು ಅಳೆದು ತೂಗುವ ಕನ್ನಡ ಪತ್ರಿಕೆಗಳಲ್ಲಿ ಗೇಮ್ ವಿಮರ್ಶೆ ಇನ್ನೂ ವಾಡಿಕೆಯಾಗಿಲ್ಲ. ನಿಯಮದ ಬಗ್ಗೆ ಕೂತು ಜಗಳವಾಡುವ ಜಗಲಿ ಹೋಯಿತು ಎಂದು ಕೊರಗುವುದಕ್ಕಿಂತ, ಆ ಜಗಳವನ್ನು ಅಚ್ಚಿನಲ್ಲಿ ಮುಂದುವರಿಸುವುದು ಒಳ್ಳೆಯದು.

ಮುಂದಿನ ಸಂಚಿಕೆಯಿಂದ ಎರಡು ಪುಟ ಗೇಮ್ ವಿಮರ್ಶೆಗೆ ಮೀಸಲು. ವಯಸ್ಸಿನ ಕಟ್ಟಳೆಯಿಲ್ಲ, ಅಂಕಪಟ್ಟಿಯೂ ಬೇಡ. ಎಲ್ಲಿ ಸೋತಿರಿ ಎಂದು ಬರೆಯಿರಿ. ಸೋಲಿಸಿದ್ದು ಆಟದ ಜಾಣ್ಮೆಯೋ, ಗುಂಡಿಯ ಜಾಗವೋ ಎಂಬುದನ್ನು ಬಿಡಿಸಿ ಹೇಳಿ. ಅಷ್ಟು ಹೇಳಬಲ್ಲ ಅಭಿಮಾನಿಯ ಮಾತನ್ನು ಯಾವ ಸ್ಟುಡಿಯೋಗೂ ಗದ್ದಲವೆಂದು ತಳ್ಳಿಹಾಕುವುದು ಕಷ್ಟ.

— ಸಂಪಾದಕ
ಬನ್ನಿಮಂಟಪ, ಮೈಸೂರು